ವಾರಕ್ಕೊಂದು ಚಿತ್ರ, ವರ್ಷವಿಡೀ ಒಂದೇ ಲೆನ್ಸ್: ಕ್ಯಾನನ್ ಇಎಫ್ 50 ಮಿ.ಮೀ. ಎಫ್ 1.8 ಎಸ್‌ಟಿಎಂ

ಛಾಯಾಗ್ರಹಣವನ್ನು ಹವ್ಯಾಸವಾಗಿ ಇಟ್ಟುಕೊಂಡವರು ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸಿನ ನಂತರ ಕೊಳ್ಳುವ ಮೊದಲ ಲೆನ್ಸ್ ಹೆಚ್ಚಿನ ಸಂದರ್ಭಗಳಲ್ಲಿ ಇದೇ ಆಗಿರುತ್ತದೆ. ಕ್ಯಾನನ್ ಕಂಪನಿಯ ಇಎಫ್ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಹೊಸತಾಗಿ ಕೊಂಡರೂ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿದ್ದ, ಜೂಮ್ ಇಲ್ಲದ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ಲೆನ್ಸ್. ಇದರ ಚೂಪುತನ ಎಷ್ಟು, ಅಂಚುಗಳಲ್ಲಿ ಬೆಳಕು ಎಷ್ಟು ಕುಂದುತ್ತದೆ ಎಂದು ಅಳೆದು ಹೇಳುವ ಪ್ರಯೋಗಾಲಯದ ವರದಿಗಳು ಬೇಕಾದಷ್ಟಿವೆ. ಇಲ್ಲಿ ನಾನು ವಿಮರ್ಶೆ ಮಾಡಹೊರಟಿರುವುದು ಬೇರೊಂದು ದೃಷ್ಟಿಯಿಂದ. ವಾರಕ್ಕೊಂದು ಚಿತ್ರ ಎಂಬ ನಿಯಮವನ್ನು ಹಾಕಿಕೊಂಡು, ಕ್ಯಾನನ್ 1500ಡಿ ಕ್ಯಾಮೆರಾಕ್ಕೆ ಈ ಒಂದೇ ಲೆನ್ಸನ್ನು ಜೋಡಿಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನಲ್ಲಿ ಚಿತ್ರ ತೆಗೆದ ಮೇಲೆ, ಕಲಿಯುವವರ ಕೈಗೆ ಈ ಲೆನ್ಸ್ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಚಿತ್ರದ ಗುಣಮಟ್ಟಕ್ಕಾಗಿ ಕೊಂಡರೆ ಇದು ಒಳ್ಳೆಯ ಲೆನ್ಸ್, ವಾರದ ಶಿಸ್ತಿನೊಂದಿಗೆ ಕೊಂಡರೆ ಇದರಷ್ಟು ಕಲಿಸುವ ಸಾಧನ ಈ ಬೆಲೆಯಲ್ಲಿ ನನಗೆ ಕಂಡಿಲ್ಲ.

ಮೊದಲು ಆ ನಿಯಮದ ವಿಚಾರ. ಪ್ರತಿ ವಾರಕ್ಕೂ ಒಂದು ವಿಷಯ ಇರುತ್ತದೆ. ಅದು ಕೈಗಳು ಆಗಿರಬಹುದು, ಎದುರು ಬೆಳಕು ಆಗಿರಬಹುದು, ಒಂದೇ ಬಣ್ಣ ಆಗಿರಬಹುದು. ಸೋಮವಾರದಿಂದ ಭಾನುವಾರದೊಳಗೆ ಎಷ್ಟು ಬೇಕಾದರೂ ಚಿತ್ರ ತೆಗೆಯಬಹುದು, ಆದರೆ ಭಾನುವಾರ ರಾತ್ರಿ ಮಲಗುವ ಮುನ್ನ ಒಂದನ್ನೇ ಆರಿಸಿ ಉಳಿದವನ್ನು ಬದಿಗಿಡಬೇಕು. ದಿನಕ್ಕೊಂದು ಚಿತ್ರ ಎಂಬ ಅಭ್ಯಾಸವನ್ನು ಮೆಚ್ಚುವವರೂ ಇದ್ದಾರೆ. ಕೆಲಸಕ್ಕೆ ಹೋಗುವವರ ಮಟ್ಟಿಗೆ ಅದು ಬೇಗನೆ ಹಾಜರಿ ಹಾಕುವ ಕೆಲಸವಾಗುತ್ತದೆ, ರಾತ್ರಿ ಹನ್ನೊಂದು ಗಂಟೆಗೆ ಊಟದ ಮೇಜಿನ ಮೇಲಿನ ಲೋಟದ ಚಿತ್ರ ತೆಗೆದು ಮುಗಿಸುವಂತಾಗುತ್ತದೆ. ತಿಂಗಳಿಗೊಂದು ಎಂದರೆ ಹಿಂದಿನ ಸಲ ಏನು ಕಲಿತೆವೆಂಬುದು ಮುಂದಿನ ಸಲಕ್ಕೆ ನೆನಪಿರುವುದಿಲ್ಲ. ವಾರ ಎನ್ನುವುದು ನಮ್ಮ ಬದುಕಿಗೆ ಈಗಾಗಲೇ ಒಗ್ಗಿರುವ ಅಳತೆ. ಸೋಮವಾರ ಯೋಚಿಸಿ, ಬುಧವಾರ ಸಂಜೆ ಒಮ್ಮೆ ಪ್ರಯತ್ನಿಸಿ, ಎಲ್ಲಿ ತಪ್ಪಿತೆಂದು ನೋಡಿ, ಶನಿವಾರ ಬೆಳಿಗ್ಗೆ ಅದೇ ಜಾಗಕ್ಕೆ ಮತ್ತೆ ಹೋಗಲು ಅದರಲ್ಲಿ ಅವಕಾಶವಿದೆ. ಹೀಗೆ ಮತ್ತೆ ಹೋಗುವುದರಲ್ಲೇ ಕಲಿಕೆಯ ಬಹುಪಾಲು ಇದೆ ಎಂದು ನಾನು ನಂಬುತ್ತೇನೆ.

ಇನ್ನು ಲೆನ್ಸ್. ಕ್ಯಾನನ್ ತನ್ನ ಇಎಫ್ ಮೌಂಟನ್ನು (ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಜೋಡಣೆ) 1987ರಲ್ಲಿ ತಂದಾಗಲೇ 50 ಮಿ.ಮೀ. ಎಫ್ 1.8 ಲೆನ್ಸ್ ಅದರ ಜೊತೆಗಿತ್ತು. 1990ರಲ್ಲಿ ಬಂದ ಎರಡನೆಯ ಆವೃತ್ತಿ ಪ್ಲಾಸ್ಟಿಕ್ ಮೌಂಟಿನದು, ಐದು ಅಪರ್ಚರ್ (ಬೆಳಕನ್ನು ಒಳಬಿಡುವ ಕಿಂಡಿ) ಎಲೆಗಳದು, ಫೋಕಸ್ ಮಾಡುವಾಗ ಗರಗರ ಸದ್ದು ಮಾಡುವಂಥದು. ಆದರೂ ಅಗ್ಗವೆಂಬ ಕಾರಣಕ್ಕೆ ಅದು ಕಾಲು ಶತಮಾನ ಮಾರಾಟವಾಯಿತು. 2015ರಲ್ಲಿ ಬಂದ ಎಸ್‌ಟಿಎಂ ಆವೃತ್ತಿಯೇ ಈಗ ನಾವು ನೋಡುತ್ತಿರುವುದು. ಗಾಜಿನ ವಿನ್ಯಾಸ ಹಿಂದಿನಂತೆಯೇ ಐದು ಗುಂಪುಗಳಲ್ಲಿ ಆರು ಗಾಜುಗಳು. ಬದಲಾದದ್ದು ಉಳಿದೆಲ್ಲವೂ: ಲೋಹದ ಮೌಂಟ್, ದುಂಡಗಿನ ಏಳು ಎಲೆಗಳ ಅಪರ್ಚರ್, ಫೋಕಸಿಗೆ ಸ್ಟೆಪ್ಪಿಂಗ್ ಮೋಟಾರ್ (ಎಸ್‌ಟಿಎಂ ಎಂದರೆ ಇದೇ), 49 ಮಿ.ಮೀ. ಫಿಲ್ಟರ್ ಅಳತೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು 45 ಸೆಂಟಿಮೀಟರಿಗೆ ನಿಲ್ಲುತ್ತಿದ್ದ ಕನಿಷ್ಠ ಫೋಕಸ್ ದೂರ ಈಗ 35 ಸೆಂಟಿಮೀಟರಿಗೆ ಇಳಿದಿದೆ. ತೂಕ ಸುಮಾರು 160 ಗ್ರಾಂ. 1500ಡಿ ಕ್ಯಾಮೆರಾ ಬ್ಯಾಟರಿ ಸಮೇತ 475 ಗ್ರಾಂ ಇರುವುದರಿಂದ ಎರಡೂ ಸೇರಿ ಮುಕ್ಕಾಲು ಕಿಲೋವನ್ನೂ ಮುಟ್ಟುವುದಿಲ್ಲ. ವಾರದ ಅಭ್ಯಾಸಕ್ಕೆ ಇದು ಸಣ್ಣ ಸಂಗತಿಯಲ್ಲ. ಕಚೇರಿಯ ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲೇ ಹಿಡಿಸುವ ಕ್ಯಾಮೆರಾ ದಿನವೂ ಜೊತೆಗೆ ಬರುತ್ತದೆ. ಅದಕ್ಕಾಗಿಯೇ ಬೇರೆ ಚೀಲ ಬೇಕಾದ ದಿನದಿಂದ ಅದು ಮನೆಯ ಬೀರುವಿನಲ್ಲಿ ಉಳಿಯಲು ಶುರುವಾಗುತ್ತದೆ.

ಈ ಲೆನ್ಸಿನ ಮೊದಲ ಪಾಠ ಬೆಳಕಿನದು. ಕಿಟ್ ಜೊತೆ ಬರುವ 18–55 ಲೆನ್ಸನ್ನು 50 ಮಿ.ಮೀ.ಗೆ ತಿರುಗಿಸಿದರೆ ಅದರ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್ 1.8ಕ್ಕೆ ಹೋಲಿಸಿದರೆ ಅದು ಒಳಬಿಡುವ ಬೆಳಕು ಹತ್ತನೆಯ ಒಂದು ಭಾಗದಷ್ಟು. ಸಂಖ್ಯೆಯಲ್ಲಿ ಹೇಳಿದರೆ ಇದು ಒಣ ಲೆಕ್ಕದಂತೆ ಕಾಣುತ್ತದೆ, ಆದರೆ ದೇವರಾಜ ಮಾರುಕಟ್ಟೆಯ ಒಳಸಾಲುಗಳಿಗೆ ಹೋಗಿ ನಿಂತಾಗ ಅರ್ಥವಾಗುತ್ತದೆ. ಅಲ್ಲಿ ಸಯ್ಯಾಜಿರಾವ್ ರಸ್ತೆಯ ಬಿಸಿಲು ಹೊರಗೇ ಉಳಿದು, ಅಂಗಡಿಗಳ ಮೇಲೆ ಕಟ್ಟಿದ ಟಾರ್ಪಾಲಿನ ಸಂದುಗಳಿಂದ ಮಾತ್ರ ಬೆಳಕು ಇಳಿಯುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ, 1600 ಇದ್ದಾಗ ಕಿಟ್ ಲೆನ್ಸ್ ಸೆಕೆಂಡಿನ 40ನೆಯ ಒಂದು ಭಾಗದ ಶಟರ್ ವೇಗ ಕೇಳುವ ಕಡೆ, ಇದು ಅದೇ ಐಎಸ್‌ಒದಲ್ಲಿ 400ನೆಯ ಒಂದು ಭಾಗವನ್ನು ಕೊಡುತ್ತದೆ. ಇಲ್ಲವೇ ಐಎಸ್‌ಒ 400ಕ್ಕೆ ಇಳಿಸಿಕೊಂಡು 100ನೆಯ ಒಂದು ಭಾಗದಲ್ಲಿ ತೆಗೆಯಬಹುದು. ಹೂ ಕಟ್ಟುವವರ ಬೆರಳುಗಳ ಓಟವನ್ನು ಹಿಡಿಯಲು ಮೊದಲನೆಯದು, ಕುಂಕುಮದ ರಾಶಿಯ ಕೆಂಪು ಕಣಕಣವಾಗದೆ ಉಳಿಯಲು ಎರಡನೆಯದು. ಶಟರ್, ಅಪರ್ಚರ್, ಐಎಸ್‌ಒಗಳ ತ್ರಿಕೋನವನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಸಿಗದ ತಿಳಿವಳಿಕೆ, ಹೀಗೆ ನಿಜವಾಗಿ ಆಯ್ಕೆ ಮಾಡಲು ಅವಕಾಶ ಸಿಕ್ಕಾಗ ಬರುತ್ತದೆ. ಎಫ್ 5.6ರ ಲೆನ್ಸಿನಲ್ಲಿ ಮಬ್ಬು ಬೆಳಕಿನ ಹೊತ್ತು ಆ ಆಯ್ಕೆಯೇ ಇರುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಸೇರಿಸಬೇಕು. ಈ ಲೆನ್ಸಿನಲ್ಲಿ ಕೈನಡುಕವನ್ನು ಸರಿಪಡಿಸುವ ಸ್ಟೆಬಿಲೈಸರ್ ಇಲ್ಲ, 1500ಡಿ ಕ್ಯಾಮೆರಾದ ಒಳಗೂ ಇಲ್ಲ. ಈ ಕ್ಯಾಮೆರಾದ ಸೆನ್ಸರ್ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ ಇಲ್ಲಿ 80 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟ ಕೊಡುತ್ತದೆ, ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ 100ನೆಯ ಒಂದು ಭಾಗಕ್ಕಿಂತ ನಿಧಾನದ ಶಟರ್ ಬೇಕಾದಾಗ ಗೋಡೆಗೋ ಕಂಬಕ್ಕೋ ಒರಗಿ ನಿಲ್ಲುವುದು ಲೇಸು.

ಎರಡನೆಯ ಪಾಠ ಫೋಕಸಿನದು, ಹಾಗೂ ಅದು ಸ್ವಲ್ಪ ಕಠಿಣವಾದುದು. ಎಫ್ 1.8ರಲ್ಲಿ, ಎರಡು ಮೀಟರ್ ದೂರದಲ್ಲಿ ಕುಳಿತ ವ್ಯಕ್ತಿಯ ಚಿತ್ರ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 11 ಸೆಂಟಿಮೀಟರ್. ಒಂದು ಮೀಟರಿಗೆ ಹತ್ತಿರವಾದರೆ ಅದು ಎರಡೂವರೆ ಸೆಂಟಿಮೀಟರಿನಷ್ಟಕ್ಕೆ ಕುಗ್ಗುತ್ತದೆ. ಅಂದರೆ ಮುಖ ಸ್ವಲ್ಪ ಓರೆಯಾಗಿದ್ದರೆ ಒಂದು ಕಣ್ಣು ಚೂಪಾಗಿ, ಇನ್ನೊಂದು ಮಂಜಾಗಿ ಬರುತ್ತದೆ. ಈ ಲೆನ್ಸ್ ಕೊಂಡ ಹೊಸದರಲ್ಲಿ ಎಲ್ಲರೂ ಎಲ್ಲವನ್ನೂ ಎಫ್ 1.8ರಲ್ಲೇ ತೆಗೆಯುತ್ತಾರೆ, ಏಕೆಂದರೆ ಹಿನ್ನೆಲೆ ಕರಗುವುದನ್ನು ನೋಡುವುದೇ ಒಂದು ಸಂತೋಷ. ವಾರಕ್ಕೊಂದೇ ಚಿತ್ರ ಆರಿಸಬೇಕು ಎಂಬ ನಿಯಮ ಆ ಸಂತೋಷವನ್ನು ಪರೀಕ್ಷೆಗೆ ಒಡ್ಡುತ್ತದೆ. ಹತ್ತಾರು ವಾರಗಳ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಹಿನ್ನೆಲೆಯೆಲ್ಲ ಒಂದೇ ಬಗೆಯ ಮಂಜಾಗಿರುವ ಚಿತ್ರಗಳು ಯಾವ ಊರಿನವೂ ಅಲ್ಲದಂತೆ ಕಾಣತೊಡಗುತ್ತವೆ. ಮಾರುಕಟ್ಟೆಯ ಹೂವಾಡಗಿತ್ತಿಯ ಹಿಂದೆ ತೂಗುವ ತಕ್ಕಡಿ, ಗೋಡೆಗೆ ಅಂಟಿಸಿದ ಚಾಮುಂಡೇಶ್ವರಿಯ ಕ್ಯಾಲೆಂಡರ್, ಪಕ್ಕದ ಅಂಗಡಿಯ ರಸಬಾಳೆಯ ಗೊನೆ ಇವೆಲ್ಲ ಕಾಣಬೇಕಾದರೆ ಎಫ್ 5.6ಕ್ಕೋ ಎಫ್ 8ಕ್ಕೋ ಹೋಗಬೇಕು. ಎಫ್ 5.6ರಲ್ಲಿ ಎರಡು ಮೀಟರ್ ದೂರಕ್ಕೆ ಸುಮಾರು 35 ಸೆಂಟಿಮೀಟರ್ ಆಳ ಸಿಗುತ್ತದೆ, ಅದರಾಚೆಯ ವಸ್ತುಗಳೂ ಗುರುತು ಹಿಡಿಯುವಷ್ಟು ಉಳಿಯುತ್ತವೆ. ಯಾವಾಗ ಕರಗಿಸಬೇಕು, ಯಾವಾಗ ಉಳಿಸಬೇಕು ಎಂಬ ವಿವೇಚನೆ ಬಂದದ್ದೇ ನನ್ನ ಮಟ್ಟಿಗೆ ಈ ಅಭ್ಯಾಸದ ದೊಡ್ಡ ಲಾಭ.

ಆಟೋಫೋಕಸ್ ವ್ಯವಸ್ಥೆ ಈ ಬೆಲೆಗೆ ತಕ್ಕಂತಿದೆ. ಸ್ಟೆಪ್ಪಿಂಗ್ ಮೋಟಾರ್ ಹಳೆಯ ಆವೃತ್ತಿಗಿಂತ ಬಹಳ ಸೌಮ್ಯ, ಆದರೆ ಪೂರ್ತಿ ನಿಶ್ಶಬ್ದವಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ವಿಡಿಯೊ ಮಾಡಿದರೆ ಕ್ಯಾಮೆರಾದ ಮೈಕ್ ಅದನ್ನು ಹಿಡಿಯಬಲ್ಲದು. 1500ಡಿಯ ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದೊಂದೇ ಕ್ರಾಸ್ ಬಗೆಯದು, ಹೆಚ್ಚು ನಂಬಬಹುದಾದದ್ದು. ಅದನ್ನೇ ಬಳಸಿ ಕಣ್ಣಿಗೆ ಫೋಕಸ್ ಹಾಕಿ, ಆಮೇಲೆ ಚೌಕಟ್ಟನ್ನು ಸರಿಸುವ ರೂಢಿ ಸಾಮಾನ್ಯ; ಆದರೆ ಎಫ್ 1.8ರಲ್ಲಿ ಹತ್ತಿರದಿಂದ ಹೀಗೆ ಸರಿಸಿದರೆ ಎರಡೂವರೆ ಸೆಂಟಿಮೀಟರಿನ ಆ ಅಂಚು ತಪ್ಪಿಹೋಗುತ್ತದೆ. ಕಣ್ಣಿಗೆ ಹತ್ತಿರವಿರುವ ಬಿಂದುವನ್ನೇ ಆರಿಸುವುದು, ಇಲ್ಲವೇ ಹಿಂದಿನ ಪರದೆಯಲ್ಲಿ ಲೈವ್ ವ್ಯೂ ತೆರೆದು ನಿಧಾನವಾಗಿ ಫೋಕಸ್ ಮಾಡುವುದು ಉತ್ತಮ. ಲೈವ್ ವ್ಯೂನಲ್ಲಿ ಫೋಕಸನ್ನು ಸೆನ್ಸರಿನ ಮೇಲೆಯೇ ಅಳೆಯುವುದರಿಂದ, ವ್ಯೂಫೈಂಡರಿನ ಮೂಲಕ ಬರುವ ಸಣ್ಣ ಹಿಂದುಮುಂದುಗಳು ಅಲ್ಲಿ ಬರುವುದಿಲ್ಲ. ಈ ದರ್ಜೆಯ ಕ್ಯಾಮೆರಾಗಳಲ್ಲಿ ಆ ಹಿಂದುಮುಂದನ್ನು ತಿದ್ದುವ ಸೌಲಭ್ಯವೂ ಇಲ್ಲವಾದ್ದರಿಂದ ಇದನ್ನು ತಿಳಿದಿರುವುದು ಅಗತ್ಯ. ಕೈಯಿಂದ ತಿರುಗಿಸುವ ಫೋಕಸ್ ಉಂಗುರ ತೆಳುವಾಗಿದೆ, ಅದು ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಕ್ಯಾಮೆರಾ ಆಫ್ ಆಗಿದ್ದರೆ ಉಂಗುರ ತಿರುಗಿದರೂ ಒಳಗಿನ ಗಾಜು ಕದಲುವುದಿಲ್ಲ. ಮುಂದಕ್ಕೆ ಚಾಚಿದ ಒಳಕೊಳವೆಯನ್ನು ಆ ಸ್ಥಿತಿಯಲ್ಲಿ ಬೆರಳಿನಿಂದ ಒಳಗೆ ಒತ್ತಬಾರದು. ಹತ್ತಿರಕ್ಕೆ ಫೋಕಸ್ ಮಾಡಿ ಮುಗಿಸಿದ ಮೇಲೆ ದೂರದ ಯಾವುದಕ್ಕಾದರೂ ಒಮ್ಮೆ ಫೋಕಸ್ ಹಾಕಿ, ಕೊಳವೆ ಒಳಗೆ ಹೋದ ಮೇಲೆ ಕ್ಯಾಮೆರಾ ಆಫ್ ಮಾಡುವುದು ಒಳ್ಳೆಯ ರೂಢಿ.

ಜೂಮ್ ಇಲ್ಲದಿರುವುದು ಈ ಲೆನ್ಸಿನ ಅತಿ ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ. ಆದರೆ ಅದನ್ನು ಗುಣವೆಂದು ಒಪ್ಪಲು ಕೆಲವು ವಾರಗಳು ಬೇಕಾಗುತ್ತವೆ. ಮೂರು ಮೀಟರ್ ದೂರದಿಂದ ನೋಡಿದರೆ ಇದರ ಚೌಕಟ್ಟಿನಲ್ಲಿ ಹಿಡಿಸುವುದು ಸುಮಾರು 1.3 ಮೀಟರ್ ಅಗಲ, 0.9 ಮೀಟರ್ ಎತ್ತರ. ನಿಂತ ವ್ಯಕ್ತಿಯನ್ನು ಅಡಿಯಿಂದ ಮುಡಿಯವರೆಗೆ ತೋರಿಸಲು ಕ್ಯಾಮೆರಾವನ್ನು ಉದ್ದುದ್ದ ಹಿಡಿದರೂ ನಾಲ್ಕು ಮೀಟರಿಗಿಂತ ಹಿಂದೆ ಸರಿಯಬೇಕು, ನಮ್ಮ ನಡುಮನೆಗಳಲ್ಲಿ ಆ ಜಾಗ ಹೆಚ್ಚಾಗಿ ಇರುವುದಿಲ್ಲ. ಹುಟ್ಟುಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ಮನೆತುಂಬ ಕೂತವರ ಚಿತ್ರ ಬೇಕೆಂದು ಇದನ್ನು ಕೊಂಡವರು ನಿರಾಶರಾಗುವುದು ಖಂಡಿತ. ಆದರೆ ಕಲಿಕೆಗೆ ಈ ಇಕ್ಕಟ್ಟೇ ಒಳಿತು. ಜೂಮ್ ಇದ್ದಾಗ ನಾವು ನಿಂತಲ್ಲೇ ನಿಂತು ಉಂಗುರ ತಿರುಗಿಸುತ್ತೇವೆ. ಅದಿಲ್ಲದಾಗ ಹತ್ತಿರ ಹೋಗಬೇಕು, ಹಿಂದೆ ಸರಿಯಬೇಕು, ಕುಳಿತುಕೊಳ್ಳಬೇಕು, ಮೆಟ್ಟಿಲು ಹತ್ತಬೇಕು. ಹಾಗೆ ಚಲಿಸುವಾಗ ಹಿನ್ನೆಲೆಯೂ ಬೆಳಕಿನ ದಿಕ್ಕೂ ಬದಲಾಗುತ್ತವೆ, ಮೊದಲು ಕಾಣದ ಸಾಲುಗಳು ಕಾಣುತ್ತವೆ. ಕೆಲವು ತಿಂಗಳ ನಂತರ ಕ್ಯಾಮೆರಾವನ್ನು ಕಣ್ಣಿಗೆ ಒಯ್ಯುವ ಮೊದಲೇ ಚೌಕಟ್ಟಿನ ಅಂಚುಗಳು ಎಲ್ಲಿ ಬೀಳುತ್ತವೆಂದು ಮನಸ್ಸಿಗೆ ತೋರತೊಡಗುತ್ತದೆ. ಒಂದೇ ಫೋಕಲ್ ಲೆಂತ್‌ನಲ್ಲಿ (ಇಲ್ಲಿ 50 ಮಿ.ಮೀ.) ವಾರ ವಾರವೂ ನೋಡುವುದು ಸಂಗೀತ ಕಲಿಯುವವರು ಒಂದೇ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುವಂಥ ಸಾಧನೆ. ಅದರಿಂದ ಕೈಗೆ ಬರುವ ಖಚಿತತೆ ಇನ್ನಾವ ದಾರಿಯಲ್ಲೂ ಬಾರದು.

ಅರಮನೆಯ ಉದಾಹರಣೆಯಿಂದ ಇದನ್ನು ಇನ್ನಷ್ಟು ಸ್ಪಷ್ಟಪಡಿಸಬಹುದು. ಮೈಸೂರು ಅರಮನೆಗೆ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರವಿರುತ್ತದೆ. ವಾರದ ಗಡುವು ಭಾನುವಾರ ರಾತ್ರಿಯೇ ಆದುದರಿಂದ, ಇನ್ನೂ ಚಿತ್ರ ಸಿಗದವರಿಗೆ ಅದೊಂದು ಸಹಜವಾದ ಆಸರೆ. ಅರಮನೆಯ ಮುಂಭಾಗದ ಅಗಲ ಸುಮಾರು 245 ಅಡಿ. ಅದನ್ನು ಪೂರ್ತಿಯಾಗಿ ಈ ಲೆನ್ಸಿನಲ್ಲಿ ಹಿಡಿಯಲು 170 ಮೀಟರಿನಷ್ಟು ಹಿಂದೆ ಹೋಗಬೇಕು, ಅಷ್ಟರಲ್ಲಿ ನಡುವೆ ಸಾವಿರಾರು ಜನ ನಿಂತಿರುತ್ತಾರೆ. ಎಲ್ಲರ ಮೊಬೈಲಿನಲ್ಲೂ ಇರುವ ಆ ಇಡೀ ಅರಮನೆಯ ಚಿತ್ರ ಈ ಲೆನ್ಸಿಗೆ ಸುಲಭವಾಗಿ ದಕ್ಕುವುದಿಲ್ಲ, ದಕ್ಕದಿರುವುದರಿಂದಲೇ ಬೇರೆಯದನ್ನು ನೋಡಬೇಕಾಗುತ್ತದೆ. ದೀಪ ಹತ್ತಿದ ಆ ಕ್ಷಣದಲ್ಲಿ ಅರಮನೆಗೆ ಬೆನ್ನು ಹಾಕಿ ನಿಂತರೆ ಸಾಲು ಸಾಲು ಮುಖಗಳ ಮೇಲೆ ಒಮ್ಮೆಲೇ ಹೊಂಬಣ್ಣ ಹರಿಯುತ್ತದೆ; ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಬಾಯಿ ತೆರೆದುಕೊಳ್ಳುತ್ತದೆ. ಮತ್ತೆ ಅರಮನೆಯತ್ತ ತಿರುಗಿ, ಅಪರ್ಚರ್ ಪೂರ್ತಿ ತೆರೆದು ಹತ್ತಿರದ ಮುಖಕ್ಕೆ ಫೋಕಸ್ ಮಾಡಿದರೆ ಹಿಂದಿನ ಬಲ್ಬುಗಳು ದುಂಡು ಬಿಲ್ಲೆಗಳಾಗಿ ಅರಳುತ್ತವೆ, ಚೌಕಟ್ಟಿನ ಅಂಚಿಗೆ ಹೋದಂತೆ ಮಾತ್ರ ಅವು ಬೆಕ್ಕಿನ ಕಣ್ಣಿನ ಆಕಾರಕ್ಕೆ ತಿರುಗುತ್ತವೆ. ಅದೇ ಬಲ್ಬುಗಳನ್ನು ಟ್ರೈಪಾಡಿನ ಮೇಲೆ ಎಫ್ 16ರಲ್ಲಿ ತೆಗೆದರೆ ಪ್ರತಿಯೊಂದಕ್ಕೂ ಹದಿನಾಲ್ಕು ಕಿರಣಗಳು ಮೂಡುತ್ತವೆ. ಅಪರ್ಚರ್ ಎಲೆಗಳ ಸಂಖ್ಯೆ ಬೆಸವಾಗಿದ್ದರೆ ಕಿರಣಗಳು ಅದರ ಎರಡರಷ್ಟಾಗುತ್ತವೆ, ಇಲ್ಲಿ ಎಲೆಗಳು ಏಳು.

ಜನರ ಚಿತ್ರ ತೆಗೆಯುವ ವಿಷಯದಲ್ಲಿ ಈ ಲೆನ್ಸ್ ಒಂದು ಬಗೆಯ ಸೌಜನ್ಯವನ್ನು ತಾನಾಗಿಯೇ ಕಲಿಸುತ್ತದೆ. ತಲೆ ಮತ್ತು ಭುಜ ತುಂಬುವಂಥ ಚಿತ್ರಕ್ಕೆ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು, ಅದು ಇಬ್ಬರು ಮಾತನಾಡುವಾಗ ಇರುವ ದೂರ. ಉದ್ದನೆಯ ಜೂಮ್ ಹಿಡಿದು ರಸ್ತೆಯ ಆಚೆ ಬದಿಯಿಂದ ಕದ್ದು ತೆಗೆಯುವಂತೆ ಇಲ್ಲಿ ತೆಗೆಯಲಾಗದು, ತೆಗೆಯಬಾರದು ಕೂಡ. “ಅಮ್ಮ, ಹೂ ಕಟ್ತಾ ಇರೋದು ಒಂದು ಫೋಟೋ ತೆಗೀಲಾ?” ಎಂದು ಕೇಳಿದರೆ, “ತೆಗಿಯಪ್ಪ, ಮಲ್ಲಿಗೆ ಚೆನ್ನಾಗ್ ಕಾಣ್ಲಿ” ಎಂಬ ಉತ್ತರ ಬರುತ್ತದೆ, ಬೇಡವೆಂದರೆ ಅದನ್ನೂ ಅಷ್ಟೇ ಮರ್ಯಾದೆಯಿಂದ ಒಪ್ಪಿಕೊಂಡು ಮುಂದೆ ಹೋಗಬೇಕು. ಕೇಳಿ ತೆಗೆದ ಮೊದಲ ಎರಡು ಚಿತ್ರಗಳಲ್ಲಿ ಜನ ಕ್ಯಾಮೆರಾವನ್ನೇ ನೋಡುತ್ತಾರೆ, ಆಮೇಲೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ನಿಜವಾದ ಚಿತ್ರ ಆಗ ಶುರುವಾಗುತ್ತದೆ. ವಾರದ ಅಭ್ಯಾಸದಿಂದ ಇಲ್ಲಿ ಆಗುವ ಪ್ರಯೋಜನ ಇನ್ನೂ ಹೆಚ್ಚಿನದು, ಏಕೆಂದರೆ ಮುಂದಿನ ವಾರ ಅದೇ ಅಂಗಡಿಗೆ ಮತ್ತೆ ಹೋಗುತ್ತೇವೆ. ಹೋಗುವಾಗ ಹಿಂದಿನ ವಾರದ ಚಿತ್ರದ ಒಂದು ಪ್ರಿಂಟ್ ಒಯ್ದು ಕೊಟ್ಟರೆ, ಕ್ಯಾಮೆರಾದ ಬಗ್ಗೆ ಇದ್ದ ಸಂಕೋಚ ಎರಡೂ ಕಡೆಯಿಂದ ಕರಗುತ್ತದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, 1977ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಅವರ ಚಿತ್ರಗಳಲ್ಲಿರುವ ಮಕ್ಕಳು, ಕೂಲಿಗಳು, ತಾಯಂದಿರು ಯಾರೂ ಬೆಚ್ಚಿಬಿದ್ದವರಂತೆ ಕಾಣುವುದಿಲ್ಲ; ತೆಗೆಯುವವರು ಹತ್ತಿರದಲ್ಲಿ, ಒಪ್ಪಿಗೆಯ ಸಲುಗೆಯಲ್ಲಿ ನಿಂತಿದ್ದಾರೆಂಬುದು ಚಿತ್ರದಲ್ಲೇ ತಿಳಿಯುತ್ತದೆ. ನಮ್ಮ ಊರಿನಲ್ಲೇ ಅಂಥ ಮಾದರಿ ಇರುವುದು ಹವ್ಯಾಸಿಗಳ ಭಾಗ್ಯ.

ಆದರೆ ಐವತ್ತರ ಲೆನ್ಸ್ ಎಂದೊಡನೆ ಹಳೆಯ ಛಾಯಾಗ್ರಾಹಕರ ಹೆಸರು ಹೇಳಿ ಮಾರುವ ರೂಢಿಯ ಬಗ್ಗೆ ಒಂದು ತಿದ್ದುಪಡಿ ಬೇಕು. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋನ್ ತಮ್ಮ ಜೀವಮಾನದ ಹೆಚ್ಚಿನ ಚಿತ್ರಗಳನ್ನು 50 ಮಿ.ಮೀ. ಲೆನ್ಸಿನಲ್ಲಿ ತೆಗೆದರೆಂಬುದು ನಿಜ. ಅದು 35 ಮಿ.ಮೀ. ಫಿಲ್ಮಿನ ಮೇಲಿನ ಐವತ್ತು. 1500ಡಿ, 200ಡಿಯಂಥ ಕ್ಯಾಮೆರಾಗಳಲ್ಲಿ ಅದೇ ನೋಟ ಬೇಕಾದರೆ 31 ಮಿ.ಮೀ. ಹತ್ತಿರದ ಲೆನ್ಸ್ ಬೇಕು. ಬೀದಿ, ಮನೆಯ ಒಳಾಂಗಣ, ಸ್ನೇಹಿತರ ಗುಂಪು ಇವೇ ನಿಮ್ಮ ವಾರದ ವಿಷಯಗಳಾಗುವುದಾದರೆ ಕ್ಯಾನನ್‌ನ ಇಎಫ್-ಎಸ್ 24 ಮಿ.ಮೀ. ಎಫ್ 2.8 ಎಸ್‌ಟಿಎಂ ಹೆಚ್ಚು ಸೂಕ್ತ. ಅದು ಇದಕ್ಕಿಂತಲೂ ಹಗುರ, 125 ಗ್ರಾಂ ಮಾತ್ರ. ಬೆಳಕು ಮಾತ್ರ ಇದರ ಅರ್ಧಕ್ಕಿಂತ ಕಡಿಮೆ. ಮುಖ, ಕೈ, ವಸ್ತು, ವಿವರಗಳತ್ತ ಮನಸ್ಸು ಎಳೆಯುವವರಿಗೆ ಐವತ್ತೇ ಸರಿ.

ಚಿತ್ರದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಎಫ್ 1.8ರಲ್ಲಿ ನಡುಭಾಗ ಸಾಕಷ್ಟು ಚೂಪು, ಮೂಲೆಗಳು ಮೃದು. ಎಫ್ 2.8ಕ್ಕೆ ಬಂದೊಡನೆ ಸ್ಪಷ್ಟವಾದ ಸುಧಾರಣೆ ಕಾಣುತ್ತದೆ, ಎಫ್ 4ರಿಂದ 5.6ರವರೆಗೆ ಈ ಲೆನ್ಸ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಪೂರ್ತಿ ತೆರೆದಾಗ ಕಪ್ಪು ಹಿನ್ನೆಲೆಯ ಮುಂದಿನ ಬಿಳಿ ವಸ್ತುಗಳ ಅಂಚಿನಲ್ಲಿ ನೇರಳೆ, ಹಸಿರು ಛಾಯೆಗಳು ಮೂಡುತ್ತವೆ. ನೆರಳಿನ ಮುಂದೆ ತೂಗುಹಾಕಿದ ಮಲ್ಲಿಗೆ ಮಾಲೆ ಇದಕ್ಕೆ ಅತ್ಯಂತ ಕಠಿಣ ಪರೀಕ್ಷೆ. ಸೂರ್ಯ ಚೌಕಟ್ಟಿನ ಅಂಚಿನಲ್ಲಿದ್ದರೆ ಚಿತ್ರದ ಗಾಢತೆ ಇಳಿಯುತ್ತದೆ, ಆದ್ದರಿಂದ ಲೆನ್ಸಿನ ಮುಂದೆ ಬಿಸಿಲು ತಡೆಯುವ ಹುಡ್ ಬೇಕು. ಇಎಸ್-68 ಎಂಬ ಆ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. 35 ಸೆಂಟಿಮೀಟರಿನಷ್ಟು ಹತ್ತಿರದಿಂದ ತೆಗೆದಾಗ ಸುಮಾರು ಹತ್ತೂವರೆ ಸೆಂಟಿಮೀಟರ್ ಅಗಲದ ಜಾಗ ಚೌಕಟ್ಟನ್ನು ತುಂಬುತ್ತದೆ. ಅಂಗೈ, ಬಳೆಗಳ ಸಾಲು, ವೀಳ್ಯದೆಲೆಯ ಕಟ್ಟು ಇವಕ್ಕೆ ಅದು ಧಾರಾಳ. ಇರುವೆ, ಜೇಡಗಳಿಗೆ ಸಾಲದು. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳಿಗೂ ಇದು ಸಾಲದು. ಕೆರೆಯ ನಡುವಿನ ಹಕ್ಕಿ ಇಲ್ಲಿ ಒಂದು ಚುಕ್ಕೆಯಾಗುತ್ತದೆ. ಪಕ್ಷಿಗಳಿಗಾಗಿಯೇ ಕ್ಯಾಮೆರಾ ಕೊಂಡವರು ಈ ಲೆನ್ಸಿಗೆ ಹಣ ಹಾಕುವುದು ಬೇಡ. ಆದರೆ ಮಾಗಿಯ ಮುಂಜಾವಿನಲ್ಲಿ ಮಂಜು ಎದ್ದ ಕೆರೆಯ ಏರಿ, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ನಡೆಯುವವರು, ಮರಗಳ ನಡುವಿನಿಂದ ಇಳಿಯುವ ಬೆಳಕಿನ ಕೋಲುಗಳು ಇವೆಲ್ಲ ಇದರ ಅಳತೆಗೆ ಹೇಳಿ ಮಾಡಿಸಿದಂತಿವೆ. ಅದೇ ಏರಿಯನ್ನು ಜೂನ್‌ನಲ್ಲಿ, ಅಕ್ಟೋಬರ್‌ನಲ್ಲಿ, ಜನವರಿಯಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಬೆಳಕಿಗೂ ಋತುವಿಗೂ ಇರುವ ಸಂಬಂಧ ಕಣ್ಣಿಗೆ ಕಟ್ಟುತ್ತದೆ.

ಮಳೆಗಾಲದ ಬಗ್ಗೆ ಎರಡು ಮಾತು. ಇದಕ್ಕೆ ನೀರು, ಧೂಳುಗಳಿಂದ ರಕ್ಷಣೆ ಇಲ್ಲ, ತುಂತುರು ಮಳೆಯಲ್ಲೂ ಮುಚ್ಚಿಕೊಳ್ಳಬೇಕು. ಮೈಸೂರಿಗಿಂತ ಮಲೆನಾಡು, ಕರಾವಳಿಗಳಲ್ಲಿರುವವರು ಹೆಚ್ಚು ಎಚ್ಚರ ವಹಿಸಬೇಕು. ತಿಂಗಳುಗಟ್ಟಲೆ ತೇವವಿರುವ ಕಡೆ ಚೀಲದಲ್ಲೇ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಿದರೆ ಸಾಕು. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸುವ ಲೆನ್ಸಿಗೆ ಬೆಳಕೂ ಗಾಳಿಯೂ ಸಿಗುವುದರಿಂದ ಬೂಷ್ಟಿನ ಭಯ ಅಷ್ಟರಮಟ್ಟಿಗೆ ಕಡಿಮೆ.

ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಸುಧಾರಣೆ ನಡೆಯುವುದು ಭಾನುವಾರ ರಾತ್ರಿಯ ಆಯ್ಕೆಯಲ್ಲಿ ಎಂಬುದನ್ನು ಒತ್ತಿ ಹೇಳಬೇಕು. ವಾರದ ಎಲ್ಲ ಚಿತ್ರಗಳನ್ನು ಮೊದಲು ಚಿಕ್ಕ ಗಾತ್ರದಲ್ಲಿ ಒಟ್ಟಿಗೆ ನೋಡುವುದು ಒಳ್ಳೆಯದು, ಏಕೆಂದರೆ ಬೆರಳುಗುರಿನ ಗಾತ್ರದಲ್ಲೂ ಕಣ್ಣನ್ನು ಹಿಡಿಯುವ ಚಿತ್ರದ ರಚನೆ ಗಟ್ಟಿಯಾಗಿರುತ್ತದೆ. ಹಾಗೆ ಉಳಿದ ನಾಲ್ಕೈದನ್ನು ಮಾತ್ರ ದೊಡ್ಡದು ಮಾಡಿ ಫೋಕಸ್ ನೋಡಬೇಕು. ಒಂದನ್ನು ಆರಿಸಿದ ಮೇಲೆ ಅದೇ ಏಕೆ ಎಂದು ಎರಡು ಸಾಲು ಬರೆದಿಡಬೇಕು. “ಚೆನ್ನಾಗಿದೆ” ಎಂದು ಬರೆದರೆ ಸಾಲದು, “ಬೆಳಕು ಎಡದಿಂದ ಬಂದು ಕೈಯ ನರಗಳು ಎದ್ದಿವೆ, ಹಿಂದಿನ ಹಸಿರು ಬಕೆಟ್ ಮಾತ್ರ ಬೇಡವಿತ್ತು” ಎಂಬಂತೆ ಇರಬೇಕು. ಚಿತ್ರದ ಜೊತೆಗೇ ದಾಖಲಾಗುವ ಶಟರ್, ಅಪರ್ಚರ್, ಐಎಸ್‌ಒ ವಿವರಗಳನ್ನೂ ಆಗ ನೋಡಬೇಕು. ಮೂರು ತಿಂಗಳಿಗೊಮ್ಮೆ ಆ ಸಾಲುಗಳನ್ನು ಹಿಂದಿನಿಂದ ಓದಿದರೆ ಪುನರಾವರ್ತನೆಗಳು ತಾವಾಗಿ ಹೊರಬರುತ್ತವೆ. ವಿಷಯವನ್ನು ಯಾವಾಗಲೂ ನಡುವೆ ಇಡುವುದು, ನಿಂತ ಎತ್ತರದಿಂದಲೇ ಎಲ್ಲವನ್ನೂ ತೆಗೆಯುವುದು, ಸಂಜೆಯನ್ನೇ ನೆಚ್ಚಿ ಬೆಳಗನ್ನು ಮರೆಯುವುದು ಇಂಥವು. ಮುಂದಿನ ತಿಂಗಳುಗಳ ವಿಷಯಗಳನ್ನು ಆ ಪುನರಾವರ್ತನೆಗಳಿಗೆ ವಿರುದ್ಧವಾಗಿ ಆರಿಸಿಕೊಳ್ಳಬೇಕು. ಒಂದೇ ಲೆನ್ಸ್ ಬಳಸುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಉಪಕರಣ ಬದಲಾಗದಿದ್ದಾಗ, ಎರಡು ಚಿತ್ರಗಳ ನಡುವಿನ ವ್ಯತ್ಯಾಸ ತೆಗೆದವರ ನೋಟದ್ದೇ ಆಗಿರುತ್ತದೆ.

ಆರಿಸಿದ ಚಿತ್ರಗಳನ್ನು ಪರದೆಯಲ್ಲೇ ಬಿಡದೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವುದನ್ನೂ ಈ ಅಭ್ಯಾಸದ ಭಾಗವಾಗಿಯೇ ಪರಿಗಣಿಸಬೇಕು. 1500ಡಿಯ 24 ಮೆಗಾಪಿಕ್ಸೆಲ್ ಚಿತ್ರ 6000 ಅಡ್ಡ, 4000 ಉದ್ದ ಬಿಂದುಗಳಷ್ಟಿರುವುದರಿಂದ 12ಕ್ಕೆ 18 ಇಂಚಿನವರೆಗೆ ಯಾವ ಕೊರತೆಯೂ ಇಲ್ಲದೆ ಅಚ್ಚಾಗುತ್ತದೆ. ತಿಂಗಳಿಗೆ ನಾಲ್ಕು, 4ಕ್ಕೆ 6 ಇಂಚಿನ ಪ್ರಿಂಟುಗಳ ಖರ್ಚು ಯಾರಿಗೂ ಹೊರೆಯಾಗದು. ಪರದೆಯಲ್ಲಿ ಹೊಳೆದ ನೆರಳುಗಳು ಕಾಗದದಲ್ಲಿ ಕಪ್ಪಾಗಿ ಮುಚ್ಚಿಹೋಗುವುದನ್ನು ನೋಡಿದ ಮೇಲೆ ಎಕ್ಸ್‌ಪೋಷರಿನ ಬಗ್ಗೆ ಹೊಸ ಜಾಗರೂಕತೆ ಬರುತ್ತದೆ.

ಯಾರು ಕೊಳ್ಳಬೇಕು ಎಂಬ ಪ್ರಶ್ನೆಗೆ ಬರುತ್ತೇನೆ. ಕ್ಯಾನನ್‌ನ ಡಿಎಸ್‌ಎಲ್‌ಆರ್ ಈಗಾಗಲೇ ಇರುವವರು ಹಿಂಜರಿಯದೆ ಕೊಳ್ಳಬಹುದು. ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾ ಇರುವವರು ಅಡಾಪ್ಟರ್ ಹಾಕಿ ಇದನ್ನು ಬಳಸಬಹುದಾದರೂ, 2020ರ ಕೊನೆಯಲ್ಲಿ ಬಂದ ಆರ್‌ಎಫ್ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಅವರಿಗೆ ನೇರವಾಗಿ ಒಪ್ಪುತ್ತದೆ, 30 ಸೆಂಟಿಮೀಟರಿನಷ್ಟು ಹತ್ತಿರಕ್ಕೂ ಹೋಗುತ್ತದೆ. ನಿಕಾನ್ ಬಳಸುವವರು ಅಗ್ಗವೆಂದು ಹಳೆಯ ಡಿ ಸರಣಿಯ ಐವತ್ತನ್ನು ಕೊಳ್ಳುವ ಮೊದಲು ತಮ್ಮ ಕ್ಯಾಮೆರಾದಲ್ಲಿ ಫೋಕಸ್ ಮೋಟಾರ್ ಇದೆಯೇ ಎಂದು ನೋಡಿಕೊಳ್ಳಬೇಕು. ಡಿ3000, ಡಿ5000 ಸರಣಿಗಳ ಕ್ಯಾಮೆರಾಗಳಲ್ಲಿ ಅದಿಲ್ಲವಾದ್ದರಿಂದ ಆ ಲೆನ್ಸ್ ಅಲ್ಲಿ ಆಟೋಫೋಕಸ್ ಆಗುವುದಿಲ್ಲ. ಅವರಿಗೆ ಎಎಫ್-ಎಸ್ ಎಂದು ನಮೂದಿಸಿದ ಲೆನ್ಸೇ ಬೇಕು.

ಕೊಳ್ಳುವ ಮುನ್ನ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಎಲ್ಲರಿಗೂ ಸೂಚಿಸುತ್ತೇನೆ. ಕಿಟ್ ಲೆನ್ಸನ್ನು 50ರ ಗುರುತಿಗೆ ತಿರುಗಿಸಿ, ಜೂಮ್ ಉಂಗುರ ಕದಲದಂತೆ ಒಂದು ತುಂಡು ಟೇಪ್ ಅಂಟಿಸಿ, ನಾಲ್ಕು ವಾರ ವಾರಕ್ಕೊಂದು ಚಿತ್ರದ ನಿಯಮವನ್ನು ಪಾಲಿಸಿ ನೋಡಿ. ಪ್ರತಿ ವಾರವೂ ಹಿಂದೆ ಸರಿಯಲು ಜಾಗ ಸಾಲದೆಂದು ಅನ್ನಿಸಿದರೆ 24ರ ಲೆನ್ಸಿನತ್ತ ಹೋಗಿ. ಬೆಳಕು ಸಾಲದೆಂದು ಅನ್ನಿಸಿದರೆ ಈ ಐವತ್ತನ್ನು ತನ್ನಿ. ಬಳಸಿದ್ದನ್ನು ಕೊಳ್ಳುವುದಾದರೆ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಬಿಟ್ಟು ಗಾಜಿನಲ್ಲಿ ಜೇಡರ ಬಲೆಯಂಥ ಗೆರೆಗಳಿವೆಯೇ ಎಂದು ನೋಡಬೇಕು, ಮುಂದಿನ ಕೊಳವೆ ಅತ್ತಿತ್ತ ಅಲುಗಾಡುತ್ತದೆಯೇ ಎಂದು ಮುಟ್ಟಿ ನೋಡಬೇಕು, ಕ್ಯಾಮೆರಾಕ್ಕೆ ಹಾಕಿ ಎಫ್ 1.8ರಲ್ಲೂ ಎಫ್ 8ರಲ್ಲೂ ಹತ್ತಿರದ ಮತ್ತು ದೂರದ ಅಕ್ಷರಗಳಿಗೆ ಒಂದೊಂದು ಸಲ ಫೋಕಸ್ ಮಾಡಿ, ಅಂಗಡಿಯಲ್ಲೇ ಪರದೆಯ ಮೇಲೆ ದೊಡ್ಡದು ಮಾಡಿ ಪರಿಶೀಲಿಸಿದ ನಂತರವೇ ಹಣ ಕೊಡಬೇಕು.